ಟ್ಯಾಬ್ ಕೀಲಿಯ ಓದು

ಹೋದ ವರ್ಷದ ಜೂನ್ ತಿಂಗಳಲ್ಲಿ, ನಾನು ಬರೆದ ಒಂದು ಕನ್ನಡ ವಾಕ್ಯದಿಂದಾಗಿ ಹೈದರಾಬಾದಿನಲ್ಲಿ ಒಬ್ಬರ ಇಡೀ ದಿನದ ಕೆಲಸ ಹಾಳಾಯಿತು. ವಾಕ್ಯದಲ್ಲಿ ವ್ಯಾಕರಣದ ತಪ್ಪಿರಲಿಲ್ಲ, ಕಾಗುಣಿತದ ತಪ್ಪೂ ಇರಲಿಲ್ಲ. ಇವತ್ತು ಬರೆಯಲು ಕೊಟ್ಟರೂ ಹಾಗೆಯೇ ಬರೆಯುತ್ತೇನೆ.

ಅಲ್ಲಿನ ಒಂದು ಸಣ್ಣ ಸಂಸ್ಥೆ ಹಳೆಯ ಕನ್ನಡ ಮಾಸಪತ್ರಿಕೆಗಳ ಬೈಂಡ್ ಸಂಪುಟಗಳನ್ನು ಸ್ಕ್ಯಾನ್ ಮಾಡುತ್ತದೆ. ಓರೆಯಾದ ಪುಟವನ್ನು ನೇರ ಮಾಡಿ, ಕಲೆ ತೆಗೆದು, ಕ್ರಮವಾಗಿ ಜೋಡಿಸಲು ಅವರದೇ ಒಂದು ಕಮಾಂಡ್ ಇದೆ. ಗುಂಡಿಗಳಿಲ್ಲ, ಚಿತ್ರಗಳಿಲ್ಲ; ಟರ್ಮಿನಲ್‌ನ ಕಪ್ಪು ಪರದೆಯಲ್ಲಿ ಟೈಪ್ ಮಾಡಿ ಎಂಟರ್ ಒತ್ತಬೇಕು. ಕೆಲಸ ಮಾಡುವವರಲ್ಲಿ ಹೆಚ್ಚಿನವರು ಬೀದರ್, ರಾಯಚೂರು ಕಡೆಯವರು. ಅವರಿಗೆ ಅನುಕೂಲವಾಗಲೆಂದು ಆ ಕಮಾಂಡಿನ ಹೆಲ್ಪ್ ಪಠ್ಯವನ್ನು ಕನ್ನಡಕ್ಕೆ ತರುವ ಕೆಲಸ ಪುಣೆಯಲ್ಲಿ ಕೂತಿರುವ ನನಗೆ ಬಂತು. ಮೂರು ದಿನದ ಕೆಲಸ. ಮಾಡಿ ಕಳಿಸಿ, ಬಿಲ್ಲೂ ಕಳಿಸಿ ಮರೆತಿದ್ದೆ.

ಎರಡು ವಾರದ ಮೇಲೆ ಫೋನ್ ಬಂತು. ಮಾತಾಡಿದ್ದು ಅಲ್ಲಿನ ಆಪರೇಟರ್. "ನಾ ಏನೂ ತಪ್ಪು ಟೈಪ್ ಮಾಡಿಲ್ರಿ ಮೇಡಂ, ಟ್ಯಾಬ್ ಒತ್ತೀನಿ ಅಷ್ಟ. ಅದು ಏನು ಕೊಡ್ತೋ ಅದನ್ನ ಹಾಕೀನಿ." ಆ ದಿನ ಅವರು ತಿದ್ದಿಟ್ಟಿದ್ದ ಒಂದು ಸಂಪುಟದ ಪುಟಗಳ ಮೇಲೆಲ್ಲ ತಿದ್ದದ ಮೂಲ ಸ್ಕ್ಯಾನ್ ಬಂದು ಕೂತಿತ್ತು. ಹಿಂದಿನ ರಾತ್ರಿಯ ಬ್ಯಾಕಪ್ ಇದ್ದುದರಿಂದ ಹೋದದ್ದು ಒಂದು ದಿನದ್ದು. ತಪ್ಪು ಅವರದೇ ಎಂದು ಮೇಲಿನವರು ತೀರ್ಮಾನಿಸಿ ಆಗಿತ್ತು. ಇಲ್ಲದಿದ್ದರೆ ಕನ್ನಡ ಹೆಲ್ಪಿನದು. ಅದನ್ನು ತೆಗೆದು ಇಂಗ್ಲಿಷಿಗೇ ಮರಳೋಣ ಎಂಬ ಮಾತೂ ಎದ್ದಿತ್ತು. ನಿಮ್ಮ ಕನ್ನಡದಲ್ಲಿ ಏನಾದರೂ ಹೆಚ್ಚುಕಡಿಮೆ ಆಗಿದೆಯೇ ನೋಡಿ ಎಂದು ಕೇಳಲು ಅವರಾಗಿಯೇ ಫೋನ್ ಮಾಡಿದ್ದರು.

ನೋಡಲು ಕೂತವಳು ಐವತ್ತು ವರ್ಷ ಹಿಂದಕ್ಕೆ ಹೋಗಬೇಕಾಯಿತು.

ಮೊದಲು, ಟರ್ಮಿನಲ್ ಬಳಸದವರಿಗಾಗಿ ಒಂದು ಮಾತು. ಕಮಾಂಡಿನ ಮುಂದೆ ಅದು ಹೇಗೆ ನಡೆಯಬೇಕೆಂದು ಹೇಳುವ ಪದಗಳನ್ನು ಸೇರಿಸುತ್ತೇವೆ, ಅವು ಆಪ್ಷನ್‌ಗಳು. ಎರಡು ಅಡ್ಡಗೆರೆಯಿಂದ ಶುರುವಾಗುವವು ಉದ್ದನೆಯವು, ಒಂದು ಗೆರೆ ಮತ್ತು ಒಂದೇ ಅಕ್ಷರದವು ಗಿಡ್ಡವು. ಪೂರ್ತಿ ಟೈಪ್ ಮಾಡಬೇಕಿಲ್ಲ. ನಾಲ್ಕಕ್ಷರ ಬರೆದು ಟ್ಯಾಬ್ ಒತ್ತಿದರೆ ಶೆಲ್ ಉಳಿದದ್ದನ್ನು ತುಂಬುತ್ತದೆ. ತೆರೆಯ ಮೇಲೆ ಇವೆಲ್ಲ ರೋಮನ್ ಅಕ್ಷರಗಳಲ್ಲೇ ಇರುತ್ತವೆ. ಇಲ್ಲಿ ಓದಿನ ಓಟ ಕೆಡದಿರಲೆಂದು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಹೀಗೆ ತುಂಬಿಕೊಡುವ ಉಪಚಾರ ಮೊದಲು ಕಂಡ ಜಾಗಗಳಲ್ಲಿ ಒಂದು, 1960ರ ದಶಕದಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದವರು ಎಸ್‌ಡಿಎಸ್ 940 ಯಂತ್ರಕ್ಕಾಗಿ ಮಾಡಿದ ಟೈಮ್‌ಶೇರಿಂಗ್ ವ್ಯವಸ್ಥೆ. ಅಲ್ಲಿ ಕೀಲಿ ಒತ್ತುವ ಅಗತ್ಯವೂ ಇರಲಿಲ್ಲ. ಬರೆದಷ್ಟರಿಂದ ಒಂದೇ ಕಮಾಂಡ್ ಹೊಂದುತ್ತದೆ ಎಂದಾದ ಕೂಡಲೇ ಯಂತ್ರ ತಾನಾಗಿ ಪದ ಮುಗಿಸುತ್ತಿತ್ತು. ನಾವು ಮಾತು ಮುಗಿಸುವ ಮೊದಲೇ ಬಾಯಿ ಹಾಕುವ ನೆಂಟರಿರುತ್ತಾರಲ್ಲ, ಹಾಗೆ. ಒಂದಕ್ಷರ ತಪ್ಪಿದರೆ ಬೇರೆಯದೇ ಕಮಾಂಡ್ ತುಂಬಿಕೊಳ್ಳುತ್ತಿತ್ತು.

ಮುಂದಿನ ಹೆಜ್ಜೆ ಮೆಸಾಚುಸೆಟ್ಸ್‌ನ ಕೇಂಬ್ರಿಜ್‌ನಲ್ಲಿ, ಬೋಲ್ಟ್ ಬೆರಾನೆಕ್ ಅಂಡ್ ನ್ಯೂಮನ್ ಕಂಪನಿಯಲ್ಲಿ. ಪಿಡಿಪಿ-10 ಕಂಪ್ಯೂಟರಿಗಾಗಿ ಅವರು ಟೆನೆಕ್ಸ್ ಎಂಬ ಕಾರ್ಯವ್ಯವಸ್ಥೆ ಕಟ್ಟಿದರು. ಅದರ ಬಗೆಗಿನ 1972ರ ಲೇಖನದ ಲೇಖಕರು ಬಾಬ್ರೋ, ಬರ್ಚ್‌ಫೀಲ್, ಮರ್ಫಿ ಮತ್ತು ಟಾಮ್ಲಿನ್ಸನ್; ಇ-ಮೇಲ್ ವಿಳಾಸದ ನಡುವೆ 'ಅಟ್' ಚಿಹ್ನೆ ಇಟ್ಟ ರೇ ಟಾಮ್ಲಿನ್ಸನ್ ಇವರೇ. ನಿಮ್ಮ ಅಂಚೆಪೆಟ್ಟಿಗೆಗೆ ಬಂದಿರುವ ಈ ಪ್ರಬಂಧವೂ ಒಂದು ರೀತಿಯಲ್ಲಿ ಟೆನೆಕ್ಸ್ ಮನೆತನದ್ದೇ. ಟೆನೆಕ್ಸ್ ಮಂದಿ ಬರ್ಕ್ಲಿಯ ಉಪಚಾರವನ್ನು ಇಟ್ಟುಕೊಂಡು ಅದರ ದುಡುಕನ್ನು ಕಳೆದರು. ಬಳಸುವವರು ಎಸ್ಕೇಪ್ ಕೀಲಿ ಒತ್ತಿ ಕೇಳಿದರೆ ಮಾತ್ರ ಯಂತ್ರ ಪದ ತುಂಬುತ್ತಿತ್ತು. ಫೈಲಿನ ಹೆಸರುಗಳನ್ನೂ ತುಂಬುತ್ತಿತ್ತು.

ಟೆನೆಕ್ಸ್‌ನ ಮಗು ಟಾಪ್ಸ್-20; ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ 1976ರಲ್ಲಿ ಹೊರತಂದದ್ದು. ಭಾಷಾವಿಜ್ಞಾನ ಓದಿದ ನನಗೆ ಈ ಇಡೀ ಕಥೆಯಲ್ಲಿ ಹೆಚ್ಚು ಆಸೆ ಹುಟ್ಟಿಸುವುದು ಇದೇ. ಅಲ್ಲಿ ಪದ ತುಂಬುವ ಕೆಲಸ ಕಮಾಂಡ್ ಓದುವ ಪ್ರೋಗ್ರಾಮಿನದಾಗಿರಲಿಲ್ಲ, ಕಾರ್ಯವ್ಯವಸ್ಥೆಯದೇ ಆಗಿತ್ತು. ಪ್ರತಿ ಪ್ರೋಗ್ರಾಮೂ ತನ್ನ ವ್ಯಾಕರಣವನ್ನು ವ್ಯವಸ್ಥೆಗೆ ಒಪ್ಪಿಸಬಹುದಿತ್ತು: ಇಲ್ಲಿ ಈ ಪದಗಳಲ್ಲೊಂದು ಬರುತ್ತದೆ, ಆಮೇಲೆ ಫೈಲಿನ ಹೆಸರು, ಆಮೇಲೆ ಸಂಖ್ಯೆ ಎಂದು. ಬರೆದದ್ದನ್ನು ಅರ್ಥ ಮಾಡಿಕೊಳ್ಳುವುದು, ಎಸ್ಕೇಪ್ ಒತ್ತಿದರೆ ಪೂರ್ತಿ ಮಾಡುವುದು, ಪ್ರಶ್ನಾರ್ಥಕ ಚಿಹ್ನೆ ಒತ್ತಿದರೆ ಮುಂದೆ ಏನೇನು ಬರಬಹುದೆಂದು ಪಟ್ಟಿ ಕೊಡುವುದು, ಮೂರೂ ಅದೇ ಒಂದು ವಿವರಣೆಯಿಂದ ಹುಟ್ಟುತ್ತಿದ್ದವು. ಕಾಪಿ ಎಂದು ಬರೆದು ಎಸ್ಕೇಪ್ ಒತ್ತಿದರೆ ಕಂಸದಲ್ಲಿ 'ಫ್ರಮ್' ಎಂಬ ಪದ ತಾನೇ ಮೂಡುತ್ತಿತ್ತು. ಮೊದಲ ಫೈಲಿನ ಹೆಸರು ಬರೆದ ಮೇಲೆ 'ಟು'. ಯಂತ್ರಕ್ಕೆ ಆ ಪದಗಳು ಬೇಕಿರಲಿಲ್ಲ, ಕೂತವರಿಗೆ ದಾರಿ ತಿಳಿಯಲೆಂದು ಇದ್ದವು. ಇದನ್ನು ಓದಿದಾಗ, ಕನ್ನಡದಲ್ಲಾದರೆ ಈ ಪದಗಳು ಹೆಸರಿಗಿಂತ ಮುಂಚೆ ಬರುವುದು ಹೇಗೆ, 'ಇಂದ'ವೂ 'ಗೆ'ಯೂ ಹೆಸರಿನ ಬಾಲಕ್ಕಲ್ಲವೇ ಅಂಟುವುದು ಎಂದು ಸುಮ್ಮನೆ ಅಂದುಕೊಂಡೆ. ಆ ಸುಮ್ಮನೆ ಅಂದುಕೊಂಡದ್ದೇ ಹೈದರಾಬಾದಿನ ಗಂಟಿನ ಒಂದು ಎಳೆ ಎಂದು ಆಗ ಹೊಳೆದಿರಲಿಲ್ಲ.

ಟಾಪ್ಸ್-20 ಉಳಿಯಲಿಲ್ಲ, ಯುನಿಕ್ಸ್ ಉಳಿಯಿತು. 1969ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಹುಟ್ಟಿದ ಯುನಿಕ್ಸ್‌ನ ರೀತಿ ಬೇರೆ. ಅಲ್ಲಿ ಶೆಲ್ ನೀವು ಬರೆದ ಸಾಲನ್ನು ಖಾಲಿ ಜಾಗ ನೋಡಿ ತುಂಡು ಮಾಡಿ, ತುಂಡುಗಳನ್ನು ಪ್ರೋಗ್ರಾಮಿನ ಕೈಗೆ ಕೊಟ್ಟುಬಿಡುತ್ತದೆ. ಅವುಗಳ ಅರ್ಥ ಪ್ರೋಗ್ರಾಮಿಗೆ ಬಿಟ್ಟದ್ದು. ಯಾವ ಆಪ್ಷನ್‌ಗಳಿವೆ ಎಂದು ವ್ಯವಸ್ಥೆಗೆ ಗೊತ್ತಿಲ್ಲ, ಗೊತ್ತುಮಾಡಿಕೊಡುವ ಜಾಗವೂ ಇಲ್ಲ. ಈ ಸರಳತೆಯಿಂದಲೇ ಯುನಿಕ್ಸ್ ಅಷ್ಟು ಹರಡಿತು ಎನ್ನುವವರ ಮಾತನ್ನು ನಾನು ಒಪ್ಪುತ್ತೇನೆ. ಆದರೆ ಅದರ ಬೆಲೆಯನ್ನು ಟ್ಯಾಬ್ ಕೀಲಿ ಇವತ್ತಿಗೂ ಕಟ್ಟುತ್ತಿದೆ.

ಟೆನೆಕ್ಸ್‌ನ ರುಚಿ ಕಂಡವರು ಯುನಿಕ್ಸ್‌ಗೂ ಅದನ್ನು ತಂದರು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಕೆನ್ ಗ್ರೀರ್ ಸಿ-ಶೆಲ್‌ಗೆ ಫೈಲ್ ಹೆಸರು ತುಂಬುವ ಗುಣ ಸೇರಿಸಿ, 1983ರಲ್ಲಿ ಅದರ ಮೂಲಪಠ್ಯವನ್ನು ಎಲ್ಲರಿಗೂ ಹಂಚಿದರು. ಅದರ ಹೆಸರು ಟಿಸಿ-ಶೆಲ್. ಆ 'ಟಿ' ಟೆನೆಕ್ಸ್‌ನದು. 1989ರಲ್ಲಿ ಬ್ರಯಾನ್ ಫಾಕ್ಸ್ ಗ್ನೂ ಯೋಜನೆಗಾಗಿ ಬ್ಯಾಶ್ ಬರೆದರು. ಇವೆಲ್ಲ ಫೈಲಿನ ಹೆಸರು ತುಂಬುವುದರಲ್ಲಿ ಗಟ್ಟಿಗರು, ಏಕೆಂದರೆ ಫೈಲುಗಳ ಪಟ್ಟಿಯನ್ನು ಡಿಸ್ಕೇ ಕೊಡುತ್ತದೆ. ಆಪ್ಷನ್‌ಗಳ ಪಟ್ಟಿ ಯಾರು ಕೊಡಬೇಕು? 2000ದಲ್ಲಿ ಬ್ಯಾಶ್ 2.04 ಬಂದಾಗ, ಪ್ರತಿ ಕಮಾಂಡಿಗೂ ಬೇರೆ ಬೇರೆ ತುಂಬುವ ನಿಯಮ ಬರೆಯಲು ಅವಕಾಶವಾಯಿತು. ಇಯಾನ್ ಮೆಕ್‌ಡೊನಾಲ್ಡ್ ಆರಂಭಿಸಿದ ಬ್ಯಾಶ್-ಕಂಪ್ಲೀಷನ್ ಸಂಗ್ರಹದಲ್ಲಿ ಅಂಥ ನಿಯಮಗಳು ನೂರಾರು ಸೇರಿದವು. ಕೈಯಿಂದ ಬರೆದ ಪಟ್ಟಿಗಳಿಗೆ ಪಂಚಾಂಗದ ಗತಿಯೇ. ಕಮಾಂಡಿನ ಹೊಸ ಆವೃತ್ತಿ ಬಂತೆಂದರೆ ಹಳತಾಯಿತು.

ಆಗ ಕಣ್ಣಿಗೆ ಬಿದ್ದದ್ದು ಹೆಲ್ಪ್ ಪಠ್ಯ. ಪ್ರತಿ ಪ್ರೋಗ್ರಾಮೂ --ಹೆಲ್ಪ್ ಎಂದರೆ ತನ್ನ ಬಳಕೆಯನ್ನು ಹೇಳಿ ಮುಗಿಸಬೇಕೆಂದು ಗ್ನೂ ಯೋಜನೆಯ ಬರವಣಿಗೆ ನಿಯಮಗಳು ಹೇಳುತ್ತವೆ. ಅದು ಮನುಷ್ಯರಿಗಾಗಿ ಬರೆದದ್ದು. ಆದರೂ ಒಂದು ಅಚ್ಚಿನಲ್ಲಿ ಬಂದಂತೆ ಇರುತ್ತದೆ: ಸಾಲಿನ ಆರಂಭದಲ್ಲಿ ಸ್ವಲ್ಪ ಜಾಗ, ಆಪ್ಷನ್ ಹೆಸರು, ಆಮೇಲೆ ವಿವರಣೆ. ಹಾಗಾದರೆ ಟ್ಯಾಬ್ ಒತ್ತಿದಾಗ ತೆರೆಯ ಹಿಂದೆ ಗುಟ್ಟಾಗಿ --ಹೆಲ್ಪ್ ಓಡಿಸಿ, ಬಂದ ಪಠ್ಯದಿಂದ ಹೆಸರುಗಳನ್ನು ಆರಿಸಿಕೊಂಡರೆ ಆಯಿತಲ್ಲ! ಝಡ್-ಶೆಲ್ ಇದನ್ನು ಮಾಡುತ್ತದೆ, ಬ್ಯಾಶ್-ಕಂಪ್ಲೀಷನ್ ಮಾಡುತ್ತದೆ. ಫಿಶ್ ಎಂಬ ಶೆಲ್ ಹೆಲ್ಪ್ ಬಿಟ್ಟು ಮ್ಯಾನ್ ಪುಟಗಳನ್ನು, ಎಂದರೆ ಕೈಪಿಡಿಯನ್ನು, ಓದುತ್ತದೆ. ಕೈಪಿಡಿ ಬರೆಯುವವರ ಶೈಲಿ ಒಂದೊಂದು ಥರ ಇರುವುದರಿಂದ ಅದರೊಳಗೆ ಮೊದಲ ಬಗೆಯ ಓದುಗ, ಎರಡನೇ ಬಗೆಯ ಓದುಗ, ಮೂರನೇ ಬಗೆಯ ಓದುಗ ಎಂದು ಬೇರೆ ಬೇರೆ ಓದುಗರನ್ನೇ ಇಟ್ಟುಕೊಂಡಿದ್ದಾರೆ.

ನನ್ನ ವಿಷಯಕ್ಕೆ ಬೇಕಾದದ್ದು ಬ್ಯಾಶ್-ಕಂಪ್ಲೀಷನ್‌ನ ಪಾರ್ಸ್-ಹೆಲ್ಪ್ ಎಂಬ ಭಾಗ. ನಾನು ಓದಿದ ಆವೃತ್ತಿಯಲ್ಲಿ ಅದು ಸುಮಾರು ಇಪ್ಪತ್ತು ಸಾಲು, ಅದಕ್ಕೆ ನೆರವಾಗುವ ಇನ್ನೊಂದು ಭಾಗ ಇನ್ನೊಂದಿಷ್ಟು. ಒಂದು ಮಧ್ಯಾಹ್ನ ಕೂತು, ಶಾಸನ ಓದುವವರ ಹಾಗೆ ಅಕ್ಷರ ಅಕ್ಷರ ಬಿಡಿಸಿದೆ. ಬಿಡಿಸುತ್ತಾ ಹೋದಂತೆ ಗೊತ್ತಾಯಿತು: ಇದಕ್ಕೆ ಇಂಗ್ಲಿಷ್ ಅರ್ಥವಾಗುವುದಿಲ್ಲ, ಆದರೆ ಇಂಗ್ಲಿಷಿನ ಅಭ್ಯಾಸಗಳು ಇದರ ಮೈಯಲ್ಲಿ ಸೇರಿವೆ.

ಅದು ಮೊದಲು ಸಾಲಿನ ಮುಂದಿನ ಖಾಲಿ ಜಾಗವನ್ನೆಲ್ಲ ಬಿಸಾಡುತ್ತದೆ. ಉಳಿದದ್ದು ಅಡ್ಡಗೆರೆಯಿಂದ ಶುರುವಾದರೆ ಇದು ಆಪ್ಷನ್ ಹೇಳುವ ಸಾಲು, ಇಲ್ಲವಾದರೆ ಅಲ್ಲ. ಹೆಸರು ಎಷ್ಟು ಒಳಗಿತ್ತು ಎಂಬ ಗುರುತು ಅಲ್ಲಿಗೇ ಹೋಯಿತು. ವಿವರಣೆಯ ಸಾಲೋ ಹೆಸರಿನ ಸಾಲೋ ಎಂದು ನಮ್ಮ ಕಣ್ಣು ಪತ್ತೆ ಹಚ್ಚುವುದು ಆ ಗುರುತಿನಿಂದಲೇ. ಆಮೇಲೆ, ಗಿಡ್ಡ ಆಪ್ಷನ್ನಿನ ಮುಂದೆ ದೊಡ್ಡಕ್ಷರದ ಪದವೊಂದು ಬಂದರೆ ಅದನ್ನು ಅಳಿಸುತ್ತದೆ. "-ಎಫ್ ಫೈಲ್, --ಫೈಲ್=ಫೈಲ್" ಎಂಬಂಥ ಸಾಲಿನಲ್ಲಿ, ಇಲ್ಲಿ ನಿಮ್ಮ ಫೈಲಿನ ಹೆಸರು ಬರೆಯಿರಿ ಎಂದು ಸೂಚಿಸುವ ಪದವನ್ನು ಇಂಗ್ಲಿಷಿನಲ್ಲಿ ದೊಡ್ಡಕ್ಷರದಲ್ಲಿ ಬರೆಯುವುದು ರೂಢಿ. ಅದನ್ನು ತೆಗೆದರೆ ಗಿಡ್ಡ ಹೆಸರಿನ ಪಕ್ಕಕ್ಕೆ ಉದ್ದದ ಹೆಸರು ಬಂದು, ಆ ಉದ್ದದ್ದು ಕೈಗೆ ಸಿಗುತ್ತದೆ. ಈಗ ಅಲ್ಲಿ 'ಕಡತ' ಎಂದು ಬರೆಯಿರಿ. ಕನ್ನಡದಲ್ಲಿ ದೊಡ್ಡಕ್ಷರ ಸಣ್ಣಕ್ಷರ ಎಂಬ ಭೇದವೇ ಇಲ್ಲ. ಪದ ಅಳಿಯುವುದಿಲ್ಲ, ಯಂತ್ರ 'ಕಡತ'ದವರೆಗೆ ಓದಿ ಇನ್ನು ಆಪ್ಷನ್ ಮುಗಿಯಿತು ಎಂದು ನಿಲ್ಲುತ್ತದೆ. --ಫೈಲ್ ಎಂಬುದು ಟ್ಯಾಬ್ ಪಟ್ಟಿಗೆ ಬರುವುದೇ ಇಲ್ಲ.

ಅದಕ್ಕೆ ಒಂದು ಇಂಗ್ಲಿಷ್ ಸಂಯೋಜಕವೂ ಗೊತ್ತು: 'ಆರ್'. ಎರಡು ಹೆಸರಿನ ನಡುವೆ 'ಆರ್' ಕಂಡರೆ ಅಲ್ಪವಿರಾಮ ಮಾಡಿಕೊಳ್ಳುತ್ತದೆ. 'ಅಥವಾ' ಗೊತ್ತಿಲ್ಲ. 'ನೋ', 'ಡೋಂಟ್' ಎಂಬ ನಿಷೇಧದ ಮುಂಪದಗಳೂ ಗೊತ್ತು.

ಇದನ್ನು ಬರೆದವರಿಗೆ ಬೇರೆ ಭಾಷೆಗಳಿವೆ ಎಂದು ತಿಳಿಯದೆ ಇರಲಿಲ್ಲ. ಅದೇ ಸಾಲುಗಳಲ್ಲಿ ಇನ್ನೊಂದು ಮಾತಿದೆ: ಎಲ್‌ಸಿ-ಆಲ್ ಈಸ್ ಈಕ್ವಲ್ ಟು ಸಿ. ಎಂದರೆ, ಬಳಸುವವರ ಭಾಷೆ ಯಾವುದೇ ಇರಲಿ, ಈ ಒಂದು ಸಲ ಮಾತ್ರ ಅನುವಾದ ಮಾಡದ ಮೂಲ ಪಠ್ಯವನ್ನೇ ಕೊಡು. ನಿಮ್ಮ ತೆರೆಯ ಮೇಲೆ ಕನ್ನಡ ಇದ್ದರೂ ಟ್ಯಾಬ್ ಕೀಲಿ ಹಿಂಬಾಗಿಲಲ್ಲಿ ಹೋಗಿ ಇಂಗ್ಲಿಷಿನಲ್ಲಿ ಕೇಳಿಕೊಂಡು ಬರುತ್ತದೆ. ಅನುವಾದಕಿಯಾಗಿ ನನಗೆ ಇದು ಸ್ವಲ್ಪ ಚುಚ್ಚುತ್ತದೆ. ಬುದ್ಧಿಗೆ ನೋಡಿದರೆ ಸರಿಯಾದ ಕೆಲಸವೇ.

ಗಿಟ್ ಎಂಬ ಹೆಸರುವಾಸಿ ಕಮಾಂಡಿನಲ್ಲೂ ಇದೇ ಕಥೆ ನಡೆದಿದೆ. ಶಾನ್ ಪಿಯರ್ಸ್ 2006ರಲ್ಲಿ ಬರೆಯತೊಡಗಿದ ಗಿಟ್ ಕಂಪ್ಲೀಷನ್ ಸ್ಕ್ರಿಪ್ಟ್, ಕಮಾಂಡುಗಳ ಪಟ್ಟಿಗಾಗಿ ಬಹಳ ಕಾಲ ಗಿಟ್‌ನ ಹೆಲ್ಪ್ ಓಡಿಸಿ, ಎರಡು ಖಾಲಿ ಜಾಗದ ನಂತರ ಅಕ್ಷರವೋ ಅಂಕಿಯೋ ಬರುವ ಸಾಲುಗಳನ್ನು ಹೆಕ್ಕುತ್ತಿತ್ತು. ಇದಕ್ಕಿಂತ ಚೆಂದ ಮರ್ಜ್ ತಂತ್ರಗಳ ಪಟ್ಟಿ ತೆಗೆಯುವ ಉಪಾಯ. 'ಹೆಲ್ಪ್' ಎಂಬ ಹೆಸರಿನ ತಂತ್ರ ಇಲ್ಲವೇ ಇಲ್ಲ. ಸ್ಕ್ರಿಪ್ಟ್ ಬೇಕೆಂದೇ ಅದನ್ನು ಕೇಳುತ್ತದೆ. ಗಿಟ್ ಗದರುತ್ತದೆ: ಅಂಥದ್ದು ಸಿಗಲಿಲ್ಲ, ಲಭ್ಯ ಇರುವ ತಂತ್ರಗಳು ಇವು, ಎಂದು ಸಾಲಾಗಿ ಹೆಸರು ಹೇಳುತ್ತದೆ. ಆ ಬೈಗುಳದಿಂದಲೇ ಸ್ಕ್ರಿಪ್ಟ್ ಪಟ್ಟಿ ಆರಿಸಿಕೊಳ್ಳುತ್ತದೆ. ಹುಡುಕುವ ಪದ 'ಅವೈಲಬಲ್'. ಮೊದಲಕ್ಷರ ದೊಡ್ಡದಿದ್ದರೂ ಸಣ್ಣದಿದ್ದರೂ ನಡೆಯುವಂತೆ ಬರೆದಿದ್ದಾರೆ. 2012ರಲ್ಲಿ, 1.7.9ನೇ ಆವೃತ್ತಿಯಿಂದ, ಗಿಟ್ ಬೇರೆ ಭಾಷೆಗಳಲ್ಲಿ ಮಾತಾಡಲು ಕಲಿಯಿತು. ಅನುವಾದವಾದ ಬೈಗುಳದಲ್ಲಿ 'ಅವೈಲಬಲ್' ಎಲ್ಲಿರುತ್ತದೆ? ಹಾಗಾಗಿ ಆ ಸಾಲಿನ ಮುಂದೆಯೂ ಅದೇ ಎಲ್‌ಸಿ-ಆಲ್, ಅದೇ ಸಿ ಬಂದು ನಿಂತಿದೆ.

ಈಗ ಹೈದರಾಬಾದಿಗೆ. ಅವರ ಕಮಾಂಡ್ ಪೈಥಾನ್‌ನಲ್ಲಿ ಬರೆದದ್ದು. ಟ್ಯಾಬ್ ತುಂಬಲು ಪಾರ್ಸ್-ಹೆಲ್ಪನ್ನೇ ಬಳಸಿದ್ದರು. ಆದರೆ ಹೆಲ್ಪ್ ಯಾವ ಭಾಷೆಯಲ್ಲಿ ಬರಬೇಕೆಂದು ಕಮಾಂಡ್ ತನ್ನದೇ ಸೆಟ್ಟಿಂಗ್ ಫೈಲ್ ನೋಡುತ್ತಿತ್ತು, ಎಲ್‌ಸಿ-ಆಲ್ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಹೀಗೆ ಟ್ಯಾಬ್ ಕೀಲಿಯ ಕೈಗೆ ಸಿಕ್ಕಿದ್ದು ನನ್ನ ಕನ್ನಡ.

ಆ ಕಮಾಂಡಿನಲ್ಲಿ ಹಿಂದೆ --ಓವರ್‌ರೈಟ್ ಎಂಬ ಆಪ್ಷನ್ ಇತ್ತು. ಆಗಷ್ಟೇ ಸ್ಕ್ಯಾನ್ ಮಾಡಿದ ಪುಟವನ್ನು ಹಳೆಯದರ ಜಾಗದಲ್ಲಿ ಕೂರಿಸಲು. ಅದನ್ನು ತೆಗೆದು --ರಿಪ್ಲೇಸ್-ಪೇಜ್ ತಂದಿದ್ದರು. ಇದಲ್ಲದೆ ಇಡೀ ಸಂಪುಟದ ಮೇಲೆ ಮೂಲ ಸ್ಕ್ಯಾನನ್ನು ಮತ್ತೆ ಬರೆಯುವ --ಓವರ್‌ರೈಟ್-ಆಲ್ ಮೊದಲಿನಿಂದಲೂ ಇತ್ತು. --ರಿಪ್ಲೇಸ್-ಪೇಜ್‌ನ ಇಂಗ್ಲಿಷ್ ವಿವರಣೆ ಹೀಗಿತ್ತು: 'ಯೂಸ್ ಇನ್‌ಸ್ಟೆಡ್ ಆಫ್ --ಓವರ್‌ರೈಟ್'. ನಾನು ಬರೆದದ್ದು: '--ಓವರ್‌ರೈಟ್ ಬದಲು ಇದನ್ನು ಬಳಸಿ'. ಇಂಗ್ಲಿಷಿನಲ್ಲಿ 'ಇನ್‌ಸ್ಟೆಡ್ ಆಫ್' ಹೆಸರಿಗೆ ಮುಂಚೆ ಬರುತ್ತದೆ, ಕನ್ನಡದಲ್ಲಿ 'ಬದಲು' ಹೆಸರಿನ ಬೆನ್ನಿಗೆ. ನಮ್ಮ ಭಾಷೆಯ ನಡಿಗೆಯೇ ಅದು. ಹಾಗಾಗಿ ನನ್ನ ವಾಕ್ಯ ಅಡ್ಡಗೆರೆಯಿಂದ ಶುರುವಾಯಿತು.

ಅಷ್ಟಕ್ಕೇ ತೊಂದರೆ ಆಗಬೇಕಿರಲಿಲ್ಲ. ವಾಕ್ಯ ಆಪ್ಷನ್ ಹೆಸರಿನ ಪಕ್ಕದಲ್ಲೇ, ಅದೇ ಸಾಲಿನಲ್ಲಿ ಇದ್ದಿದ್ದರೆ. ಅದು ಕೆಳಗಿನ ಸಾಲಿಗೆ ಹೋದದ್ದಕ್ಕೆ ಕಾರಣ ಇನ್ನೊಂದು. ಹೆಲ್ಪ್ ಪಠ್ಯ ಜೋಡಿಸುವುದು ಪೈಥಾನ್‌ನ ಆರ್ಗ್‌ಪಾರ್ಸ್ ಎಂಬ ಸಲಕರಣೆ. ಎಡಗಡೆ ಹೆಸರಿಗೆಂದು ಅದು ಬಿಡುವ ಜಾಗ 20 ಅಕ್ಷರ. --ರಿಪ್ಲೇಸ್-ಪೇಜ್ ರೋಮನ್‌ನಲ್ಲಿ ಗೆರೆಗಳೂ ಸೇರಿ 14. ಒಂದು ಖಾಲಿ ಜಾಗ. ಆಮೇಲೆ 'ಪೇಜ್' ಎಂಬ ಸೂಚಕ ಪದ, ನಾಲ್ಕು ರೋಮನ್ ಅಕ್ಷರ. ಒಟ್ಟು 19, ಹಿಡಿಯಿತು. ಆ ಸೂಚಕವನ್ನು ನಾನು 'ಪುಟಸಂಖ್ಯೆ' ಮಾಡಿದ್ದೆ. ನಮ್ಮ ಲೆಕ್ಕಕ್ಕೆ ಅದೂ ನಾಲ್ಕೇ ಅಕ್ಷರ: ಪು, ಟ, ಸಂ, ಖ್ಯೆ. ಪೈಥಾನ್ ಲೆಕ್ಕಕ್ಕೆ ಒಂಬತ್ತು. ಕೊಂಬು, ಸೊನ್ನೆ, ವಿರಾಮ, ಎತ್ವ ಎಲ್ಲವೂ ಒಂದೊಂದು. ಒಟ್ಟು 24. ಹೆಸರಿನ ಭಾಗ ಉಕ್ಕಿತು, ವಿವರಣೆ ಹೊಸ ಸಾಲಿಗೆ ಇಳಿಯಿತು, ಆ ಸಾಲು --ಓವರ್‌ರೈಟ್ ಎಂದು ಶುರುವಾಯಿತು, ಪಾರ್ಸ್-ಹೆಲ್ಪ್ ಮುಂದಿನ ಜಾಗವನ್ನು ಬಿಸಾಡಿ ಇದೊಂದು ಆಪ್ಷನ್ ಎಂದು ಬರೆದುಕೊಂಡಿತು. ಬೇಡ ಎಂದು ಹೇಳಲು ಬರೆದ ಹೆಸರು ಇದೆ ಎಂಬ ಪಟ್ಟಿಗೆ ಸೇರಿತು.

ಆಪರೇಟರ್ ಅಭ್ಯಾಸಬಲದಿಂದ ಮೊದಲ ಅಕ್ಷರಗಳನ್ನು ಬರೆದು ಟ್ಯಾಬ್ ಒತ್ತಿದರು. ಪಟ್ಟಿ ಸರಿ ಇದ್ದಿದ್ದರೆ ತುಂಬಿಕೊಳ್ಳುತ್ತಿದ್ದದ್ದು --ಓವರ್‌ರೈಟ್-ಆಲ್. ಕೊನೆಯ 'ಆಲ್' ಕಂಡು ಅವರು ನಿಲ್ಲುತ್ತಿದ್ದರು. ಈಗ ಎರಡು ಹೆಸರಿದ್ದುದರಿಂದ ಎರಡಕ್ಕೂ ಸಮಾನವಾದ --ಓವರ್‌ರೈಟ್ ತನಕ ತುಂಬಿ ನಿಂತಿತು. ಹಳೆಯ ಪರಿಚಯದ ಹೆಸರು, ಎಂಟರ್ ಒತ್ತಿದರು. ಇಲ್ಲದ ಆಪ್ಷನ್ ಎಂದು ಕಮಾಂಡ್ ತಿರಸ್ಕರಿಸಬೇಕಿತ್ತಲ್ಲ? ಇಲ್ಲೇ ಇತಿಹಾಸದ ಇನ್ನೊಂದು ಉಪಚಾರ ಅಡ್ಡ ಬಂದದ್ದು. ಉದ್ದದ ಹೆಸರನ್ನು, ಗೊಂದಲವಿಲ್ಲದಷ್ಟು, ಮೊಟಕು ಮಾಡಿ ಬರೆದರೆ ಒಪ್ಪಿಕೊಳ್ಳುವ ಪದ್ಧತಿ ಗ್ನೂ ಕಮಾಂಡುಗಳಲ್ಲಿದೆ, ಆರ್ಗ್‌ಪಾರ್ಸ್‌ನಲ್ಲೂ ಇದೆ. ಪ್ರೋಗ್ರಾಮಿನ ನಿಜವಾದ ಪಟ್ಟಿಯಲ್ಲಿ ಹಾಗೆ ಶುರುವಾಗುವ ಹೆಸರು ಒಂದೇ ಇತ್ತು. ಅದು ವಿನಯದಿಂದ --ಓವರ್‌ರೈಟ್-ಆಲ್ ಎಂದು ಅರ್ಥ ಮಾಡಿಕೊಂಡು ಕೆಲಸ ಮುಗಿಸಿತು. ಬರ್ಕ್ಲಿಯ ಆ ಬಾಯಿ ಹಾಕುವ ನೆಂಟ ಇನ್ನೂ ಮನೆಯಲ್ಲೇ ಇದ್ದ.

ಇಷ್ಟನ್ನೂ ಬರೆದು ಕಳಿಸಿದಾಗ ಸಂಸ್ಥೆಯಿಂದ ಬಂದ ಮೊದಲ ಉತ್ತರ: ವಾಕ್ಯ ಬದಲಿಸಿ ಕೊಡಿ, 'ಹಿಂದಿನ' ಎಂದು ಒಂದು ಪದ ಮುಂದೆ ಸೇರಿಸಿದರೆ ಸಾಕಲ್ಲವೇ. ಸಾಕು, ನಿಜ. ಆ ರಾತ್ರಿಯೇ ಹಾಗೆ ಮಾಡಿಯೂ ಕೊಟ್ಟೆ, ಇನ್ನೊಬ್ಬರ ಕೆಲಸ ಅಳಿಯಬಾರದೆಂದು. ಆದರೆ ಉಳಿದ ನೂರು ಸಾಲುಗಳಲ್ಲಿ ಇನ್ನೆಲ್ಲಿ ಗೆರೆ ಮುಂದೆ ಬಂದಿದೆಯೋ, ಇನ್ನೆಲ್ಲಿ ದೊಡ್ಡಕ್ಷರ ಇಲ್ಲದೆ ಹೆಸರು ಕಳೆದಿದೆಯೋ ನೋಡುತ್ತಾ ಕೂರುವುದೆಂದರೆ ಕನ್ನಡವನ್ನು ಪಾರ್ಸ್-ಹೆಲ್ಪ್‌ಗಾಗಿ ಬರೆದಂತೆ. ಓದುವವರು ಆಪರೇಟರುಗಳು. ಅವರಿಗಾಗಿ ಬರೆಯುತ್ತೇನೆ ಎಂದೆ.

ಪ್ರೋಗ್ರಾಮ್ ಬರೆದ ಹುಡುಗ ಅದನ್ನು ಒಪ್ಪಿದ. ದಾರಿ ಗಿಟ್‌ನವರು ಆಗಲೇ ತೋರಿಸಿದ್ದರು: 2018ರಲ್ಲಿ ಅವರು ಕಂಪ್ಲೀಷನ್ನಿಗೆಂದೇ ಒಂದು ಒಳಗಿನ ಆಪ್ಷನ್ ಸೇರಿಸಿದರು. ಅದನ್ನು ಕೊಟ್ಟರೆ ಗಿಟ್‌ನ ಆಯಾ ಕಮಾಂಡ್ ತನ್ನ ಆಪ್ಷನ್‌ಗಳನ್ನು ತಾನು ಓದಲು ಬಳಸುವ ಪಟ್ಟಿಯಿಂದಲೇ ತೆಗೆದು ಕೊಡುತ್ತದೆ. ಹೆಲ್ಪ್ ಪಠ್ಯದ ಹಂಗಿಲ್ಲ. ಟಾಪ್ಸ್-20ಯವರು ವ್ಯವಸ್ಥೆಗೇ ವಹಿಸಿದ್ದನ್ನು ಯುನಿಕ್ಸ್ ಮಂದಿ ಒಂದೊಂದು ಪ್ರೋಗ್ರಾಮಿಗೂ ಬೇರೆ ಬೇರೆಯಾಗಿ ಮಾಡಿಕೊಳ್ಳುತ್ತಿದ್ದಾರೆ, ನಾಲ್ಕು ದಶಕ ತಡವಾಗಿ. ಹುಡುಗನೂ ಅಂಥದ್ದೊಂದು ಗುಟ್ಟಿನ ಆಪ್ಷನ್ ಬರೆದ. ಹತ್ತು ಹನ್ನೆರಡು ಸಾಲು. ಮೊಟಕು ಹೆಸರು ಒಪ್ಪುವ ಅಭ್ಯಾಸವನ್ನೂ ನಿಲ್ಲಿಸಿದ, ಪೈಥಾನ್ 3.5ರಿಂದ ಆರ್ಗ್‌ಪಾರ್ಸ್‌ನಲ್ಲಿ ಅದಕ್ಕೆ ಒಂದು ಪದದ ಸೂಚನೆ ಸಾಕು.

ಆಪರೇಟರ್ ಮೇಲಿನ ದೂರನ್ನು ಹಿಂತೆಗೆದುಕೊಂಡರು. ಹೋದ ದಿನದ ಕೆಲಸವನ್ನು ಅವರೇ ಮತ್ತೆ ಮಾಡಿದರು, ಅದಕ್ಕೆ ಬೇರೆ ಸಂಬಳವೇನೂ ಸಿಗಲಿಲ್ಲ. ನಾನು 'ಹಿಂದಿನ' ತೆಗೆದು ಮೊದಲಿನ ವಾಕ್ಯವನ್ನೇ ಮತ್ತೆ ಹಾಕಿಸಿದೆ. ಹಾಕಿದ ಸಂಜೆ ಅವರಿಂದ ಒಂದು ಮೆಸೇಜ್ ಬಂತು, ತೆರೆಯ ಚಿತ್ರದೊಂದಿಗೆ: "ಈಗ ಟ್ಯಾಬ್ ಒತ್ತಿದ್ರ ಆಲ್ ಅಂತ ಪೂರ್ತಿ ಬರ್ತದ್ರಿ. ಕೂಡ್ಲೇ ಅಳಿಸಿದೆ."